ಹಾಂಗ್‌ಕಾಂಗ್ ಡಯೋರಾಮಾ: ಮೊದಲು ವರ್ಷ ಗಟ್ಟಿ ಮಾಡ್ಕೊಳ್ಳಿ

ಸರ್, ಎರಡನೇ ಮಹಾಯುದ್ಧ ಮುಗಿದ ಮೇಲಿನ ಹಾಂಗ್‌ಕಾಂಗ್ ಬ್ರಿಟಿಷ್ ಪಡೆಯ ಡಯೋರಾಮಾದಲ್ಲಿ (ಪುಟ್ಟ ಮಾದರಿಗಳನ್ನಿಟ್ಟು ಮಾಡೋ ದೃಶ್ಯ) ಪೇಟ ಕಟ್ಟಿದ ಭಾರತೀಯ ಸಿಪಾಯಿಗಳನ್ನೂ ಕಾಮೆಟ್ ಟ್ಯಾಂಕನ್ನೂ ಒಟ್ಟಿಗೆ ಇಡಬಹುದಾ ಅಂತ ಕೇಳಿದ್ದೀರಿ. ಬೇಡ. ಎರಡರ ಮಧ್ಯೆ 1947 ಅಡ್ಡ ಬರುತ್ತೆ: ಸಿಪಾಯಿಗಳು ಅದಕ್ಕೆ ಮುಂಚಿನವರು, ಕಾಮೆಟ್ ಬಂದಿದ್ದು 1949ರಲ್ಲಿ.

1941ರಲ್ಲಿ ಜಪಾನೀಯರ ಎದುರು ಕಾದಾಡಿದವರಲ್ಲಿ ನಮ್ಮ 5/7 ರಜಪೂತ್ (7ನೇ ರಜಪೂತ್ ರೆಜಿಮೆಂಟಿನ 5ನೇ ಬೆಟಾಲಿಯನ್), 2/14 ಪಂಜಾಬ್ ಬೆಟಾಲಿಯನ್‌ಗಳಿದ್ದವು. 1945ರ ಆಗಸ್ಟ್ 30ಕ್ಕೆ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಹಾರ್ಕೋರ್ಟ್ ಅವರ ಹಡಗುಗಳು ಬಂದವು, ಬೆನ್ನಿಗೇ 3ನೇ ಕಮಾಂಡೊ ಬ್ರಿಗೇಡ್. ಆಮೇಲೆ ಎಷ್ಟು ಪಡೆ ಇಡೋದು ಅನ್ನೋದಕ್ಕೆ ಲಂಡನ್ನಿನವರ ಲೆಕ್ಕ ಜಿಪುಣರದ್ದೇ: ದೊಡ್ಡ ಶತ್ರು ನುಗ್ಗಿದರೆ ಊರು ಉಳಿಯಲ್ಲ, ಒಳಗಿನ ಗಲಭೆ ಹತ್ತಿಕ್ಕೋಕೆ, ಗಡಿ ಕಾಯೋಕೆ ಸಣ್ಣ ಪಡೆ ಸಾಕು. ಖಜಾನೆಯೂ ಬರಿದಾಗಿತ್ತು ಬಿಡಿ. ಇಂಥ ಕಾವಲಿಗೆ ಯಾವಾಗಲೂ ಕೈಗೆ ಸಿಗ್ತಿದ್ದ ಭಾರತೀಯ ಸೈನ್ಯವೂ 1947ಕ್ಕೆ ತಪ್ಪಿಹೋಯ್ತು. 10 ಗೂರ್ಖಾ ರೆಜಿಮೆಂಟುಗಳಲ್ಲಿ 2, 6, 7, 10ನೆಯವು ಮಾತ್ರ 1948ರ ಜನವರಿ 1ರಿಂದ ಬ್ರಿಟಿಷರ ಪಾಲಿಗೆ ಬಂದವು. ಅದೇ ಜೂನ್‌ನಲ್ಲಿ ಮಲಯದಲ್ಲಿ ಬಂಡಾಯ ಎದ್ದು ಗೂರ್ಖಾಗಳನ್ನ ಅಲ್ಲಿಗೂ ಹಂಚಬೇಕಾಯ್ತು.

1949ರ ಏಪ್ರಿಲ್‌ನಲ್ಲಿ ಯಾಂಗ್ಟ್ಸೆ ನದಿಯಲ್ಲಿ ಬ್ರಿಟಿಷ್ ಯುದ್ಧನೌಕೆ ಅಮೆಥಿಸ್ಟ್ ಮೇಲೆ ಚೀನಾದ ಕಮ್ಯುನಿಸ್ಟರು ಗುಂಡು ಹಾರಿಸಿದಾಗ ಆ ಲೆಕ್ಕವೆಲ್ಲ ತಲೆಕೆಳಗು. 27ನೇ ಬ್ರಿಗೇಡ್, 3ನೇ ರಾಯಲ್ ಟ್ಯಾಂಕ್ ರೆಜಿಮೆಂಟಿನ ಕಾಮೆಟ್‌ಗಳು, 80ನೇ ಸ್ಕ್ವಾಡ್ರನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನಗಳು, ಎಲ್ಲ ಅವಸರದಲ್ಲಿ ಬಂದಿಳಿದವು. ಪಡೆ ಸುಮಾರು 30,000ಕ್ಕೆ ಏರಿತು. ಬ್ಯಾರಕ್ ಎಲ್ಲಿ ಸಾಲುತ್ತೆ? ಚೀನಾ ಗಡಿಗೆ ತಾಗಿದ ನ್ಯೂ ಟೆರಿಟರೀಸ್ ಕಡೆ ಡೇರೆ ಹಾಕಿದ್ರು.

ನನ್ನ ಕೇಳಿದ್ರೆ ಆ ಡೇರೆಗಳನ್ನೇ ಮಾಡಿ. ಕಾಮೆಟ್ ಕಿಟ್ ಹೇಗೂ ಇದೆಯಲ್ಲ. ಪೇಟದವರನ್ನ ತೆಗೆದು, ಅಗಲ ಅಂಚಿನ ಟೋಪಿಯ ಗೂರ್ಖಾಗಳನ್ನೋ ಹಸಿರು ಕಾಡು ಸಮವಸ್ತ್ರದ ಬ್ರಿಟಿಷರನ್ನೋ ನಿಲ್ಲಿಸಿ. ಸ್ಪಿಟ್‌ಫೈರ್ ಬೇಕಂದ್ರೆ ಅದರ ಎಫ್.24 ಮಾದರಿ. ಎಫ್.22 ಕಿಟ್ ಸಿಕ್ಕಿದ್ರೆ ಫಿರಂಗಿಯ ಉದ್ದ ನಳಿಕೆ ಕತ್ತರಿಸಿ ಗಿಡ್ಡ ಮಾಡಿದ್ರೆ ನಡೆಯುತ್ತೆ. ಗುಡ್ಡಗಳ ಮೇಲೆ ಮಾತ್ರ ಮರ ನೆಡಬೇಡಿ. ಜಪಾನೀಯರ ಕಾಲದಲ್ಲಿ ಸೌದೆಗೆ ಅಂತ ಕಡಿದು ಬೋಳಾಗಿದ್ದವು, ಬರೀ ಹುಲ್ಲು. ನಾನು ಹಿಂದೊಮ್ಮೆ ಸಾಲು ತೆಂಗು ನೆಟ್ಟು, ನೋಡಿದವರೆಲ್ಲ "ಇದು ಕುಂದಾಪುರ ಅಲ್ವಾ" ಅಂತ ನಕ್ಕಿದ್ರು. ಕೆಳಗೆ ಭತ್ತದ ಗದ್ದೆ, ಒಂದು ಎಮ್ಮೆ ಇದ್ರೆ ಸಾಕು.

ಫಲಕದಲ್ಲಿ ತಿಂಗಳೂ ಬರೀರಿ. 27ನೇ ಬ್ರಿಗೇಡಿನ ಮಿಡ್ಲ್‌ಸೆಕ್ಸ್, ಆರ್ಗೈಲ್ ಬೆಟಾಲಿಯನ್ ಇಡೋದಾದ್ರೆ 1950ರ ಆಗಸ್ಟ್ ದಾಟಬಾರದು. ಆ ತಿಂಗಳ ಕೊನೆಗೆ ಅವರು ಕೊರಿಯಾದಲ್ಲಿದ್ರು.