ಪ್ರಾಥಮಿಕ ಶಾಲೆಯಲ್ಲಿ ಕೃಷಿ ಅರಣ್ಯ: ಜೂನ್ 5ರ ಪರಿಸರ ದಿನಕ್ಕೆ ಮಗುವಿಗೊಂದರಂತೆ ಯಾವ ಸಸಿ ತರಲಿ?

ಮೊದಲು ಆ 'ಮಗುವಿಗೊಂದರಂತೆ' ಅನ್ನುವುದನ್ನು ಬಿಡಿ. ಶಿರಾ ಕಡೆಯ ಹಳ್ಳಿ ಶಾಲೆಯಲ್ಲಿ ಇಕೋ ಕ್ಲಬ್, ಅಂದರೆ ಮಕ್ಕಳ ಪರಿಸರ ಸಂಘ, ನನ್ನ ಪಾಲಿಗೆ ಬಂದ ವರ್ಷ ನಾನೂ ಹಾಗೇ ಶುರು ಮಾಡಿದ್ದೆ. ನರ್ಸರಿಯಿಂದ ತೇಗ, ಸಿಲ್ವರ್ ಓಕ್ ತಂದೆವು. ಒಂದೊಂದು ಸಸಿಗೂ ಒಂದೊಂದು ಮಗುವಿನ ಹೆಸರಿನ ಚೀಟಿ ಕಟ್ಟಿದೆವು.

ಕೆಟ್ಟಿದ್ದು ಅಲ್ಲೇ. ಮಗುವಿಗೊಂದು ಅಂದ ಕೂಡಲೇ ಎಷ್ಟು ಸಸಿ ಬೇಕು ಅನ್ನುವುದನ್ನು ಹಾಜರಿ ಪುಸ್ತಕ ತೀರ್ಮಾನಿಸುತ್ತದೆ. ಮಣ್ಣು, ನೀರಿನ ಮಾತೇ ಬರುವುದಿಲ್ಲ. ಅಂಗಳ ಸಾಲದೆ ಮೂರಡಿಗೊಂದು ಗುಂಡಿ ತೆಗೆದೆವು. ನಡುವೆ ಅಲಸಂದೆ ಬಿತ್ತಲೂ ಜಾಗ ಉಳಿಯಲಿಲ್ಲ. ಕೃಷಿ ಅರಣ್ಯ ಅಂದರೆ ಮರದ ಜೊತೆಗೆ ಬೆಳೆ. ಬೆಳೆಯೇ ಇಲ್ಲದ ಮೇಲೆ ಅದು ಕೃಷಿ ಅರಣ್ಯ ಹೇಗಾದೀತು? ನಮ್ಮ ಬಯಲುಸೀಮೆಯಲ್ಲಿ ಗಟ್ಟಿ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಜೂನ್ ಮೊದಲ ವಾರ ನೆಟ್ಟದ್ದು ಜುಲೈ ಗಾಳಿಗೇ ಒಣಗತೊಡಗಿತು. ಉಳಿದದ್ದನ್ನು ಏಪ್ರಿಲ್-ಮೇ ರಜೆ ಮುಗಿಸಿತು. ಮಕ್ಕಳು ಅಜ್ಜಿ ಊರಿಗೆ ಹೋದರು. ಊರಲ್ಲೇ ಇದ್ದವರು ತಮ್ಮ ಹೆಸರಿನ ಸಸಿಗಷ್ಟೇ ನೀರು ಹಾಕಿದರು. ಐದನೇ ತರಗತಿ ಮುಗಿಸಿ ಹೋದವರ ಸಸಿಗಳನ್ನು ಕೇಳುವವರೇ ಇಲ್ಲ. ಹೆಸರು ಕಟ್ಟಿದರೆ ಅಕ್ಕರೆ ಬರುತ್ತದೆ, ನಿಜ. ಆದರೆ ಸಸಿ ಸತ್ತರೆ ಆ ಸೋಲೂ ಮಗುವಿನ ಹೆಸರಿಗೇ ಬೀಳುತ್ತದೆ. ಶಾಲೆ ತೆರೆದಾಗ ಎರಡನೇ ತರಗತಿಯ ಹುಡುಗಿಯೊಬ್ಬಳು ಒಣಕಡ್ಡಿಗೆ ನೀರು ಹೊಯ್ಯುತ್ತಿದ್ದಳು. ಅಷ್ಟು ಚಿಕ್ಕ ಮಕ್ಕಳ ಮೇಲೆ ಇದನ್ನು ಹೊರಿಸಲೇಬಾರದು.

ಆಮೇಲೆ ನಾವು ನೆಟ್ಟದ್ದು ನುಗ್ಗೆ, ಕರಿಬೇವು, ಚೊಗಚೆ, ಕೆಲವೇ ಗಿಡ. ಅದೂ ಬಿಸಿಯೂಟದ ಕೈತೊಳೆದ ನೀರು ಹರಿಯುವ ಕಡೆ. ಸಾಲಿನ ನಡುವೆ ಅಲಸಂದೆ, ದಂಟು. ಸೊಪ್ಪು ಸಾರಿಗೆ ಬೀಳುತ್ತದೆ ಅಂದ ಮೇಲೆ ಅಡುಗೆಯವರೇ ಮೇಕೆ ಅಟ್ಟಿದರು. ರಜೆಯ ನೀರಿನ ಹೊಣೆಯನ್ನು ಎಸ್‌ಡಿಎಂಸಿ (ಪೋಷಕರಿರುವ ಶಾಲಾ ಅಭಿವೃದ್ಧಿ ಸಮಿತಿ) ಸಭೆಯಲ್ಲಿ ಪಕ್ಕದ ಮನೆಯವರಿಗೆ ಒಪ್ಪಿಸಿದೆವು. ರಜೆಯಲ್ಲಿ ಬಿಟ್ಟ ಕಾಯಿ ಅವರಿಗೇ.

ಇನ್ನೊಂದು ಮಾತು. ಕೃಷಿ ಅರಣ್ಯ ಕಲಿಸಲು ಶಾಲೆಯ ಅಂಗಳಕ್ಕಿಂತ ಮಕ್ಕಳ ಮನೆಯ ಹೊಲದ ಬದು ಮೇಲು. ಬದುವಿನ ಹೊಂಗೆ ಮರದ ಬುಡದಿಂದ ಹೆಜ್ಜೆ ಹಾಕಿಸಿ, ಹತ್ತಿರದ ರಾಗಿ ಪೈರು ಎಷ್ಟೆತ್ತರ, ದೂರದ್ದು ಎಷ್ಟೆತ್ತರ ಅಂತ ಅಳೆಸಿ. ನೆರಳಿನಲ್ಲಿ ಪೈರು ಸೊರಗಿರುತ್ತದೆ. "ಮರ ಇದ್ರೆ ಬೆಳೆ ಬರಲ್ಲ" ಅನ್ನುವ ಅಪ್ಪನ ಮಾತಿನಲ್ಲಿ ಹುರುಳಿದೆ ಅಂತ ಮಕ್ಕಳಿಗೆ ಗೊತ್ತಾಗಲಿ. ರೆಂಬೆ ಸವರಿ ಹೊಂಗೆ ಸೊಪ್ಪನ್ನು ಹೊಲಕ್ಕೆ ಗೊಬ್ಬರ ಮಾಡುವುದು ಯಾಕೆ ಅನ್ನುವುದು ಆಗ ತಾನಾಗಿ ಅರ್ಥವಾಗುತ್ತದೆ. ಭಾಷಣದಿಂದ ಆಗುವ ಕೆಲಸವಲ್ಲ ಇದು.

ಪೋಷಕರಿಗೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಬಗ್ಗೆ ಹೇಳಿ. 2011-12ರಲ್ಲಿ ಶುರುವಾದ ಈ ಯೋಜನೆಯಲ್ಲಿ ಪ್ರೋತ್ಸಾಹಧನ ಸಿಗುವುದು ಬದುಕುಳಿದ ಸಸಿಗೆ, ಅದೂ ಮೂರು ವರ್ಷಗಳಲ್ಲಿ ಕಂತಾಗಿ. ನಿಮ್ಮ ಶಾಲೆಯ ಲೆಕ್ಕವೂ ಹಾಗೇ ಇರಲಿ: ನೆಟ್ಟ ದಿನ ಬೇಡ, ಮುಂದಿನ ಜೂನ್‌ನಲ್ಲಿ ಎಣಿಸಿ.

ಈ ಜೂನ್ 5ಕ್ಕೆ ಒಂದೂವರೆ ಅಡಿಯ ಗುಂಡಿಗಳನ್ನು ತೋಡಿಸಿ, ನಡುವೆ ಅಲಸಂದೆ ಬಿತ್ತಿಸಿ, ಸಾಕು. ಮಳೆ ಹಿಡಿದ ಮೇಲೆ ಸಸಿ ನೆಡಿ. ಆಗಲೇ ಗೊಬ್ಬರದ ಗಿಡದ, ಅಂದರೆ ಗ್ಲಿರಿಸಿಡಿಯಾದ, ಬಲಿತ ಕೋಲುಗಳನ್ನು ಕಡಿದು ಮಕ್ಕಳ ಕೈಯಲ್ಲಿ ಮನೆಗೆ ಕಳಿಸಿ. ಬದುವಿನಲ್ಲಿ ನೆಟ್ಟರೆ ಚಿಗುರುತ್ತದೆ, ನರ್ಸರಿಗೆ ಅಲೆಯಬೇಕಿಲ್ಲ.