ಶುಗರ್‌ನಿಂದ ಪಾದ ಉರಿಯುತ್ತಿದ್ದರೆ ಆಲ್ಫಾ ಲಿಪೋಯಿಕ್ ಆ್ಯಸಿಡ್ ಮಾತ್ರೆಯಿಂದ ಉಪಯೋಗ ಇದೆಯಾ?

ಬಾಗಲಕೋಟೆಯ ನಿಮ್ಮ ಅಪ್ಪನಿಗೆ ನೋವಿನ ಮಾತ್ರೆಯ ಜೊತೆ ಈ ಪೂರಕ ಮಾತ್ರೆಯನ್ನೂ ಕೊಡಬಹುದಾ ಅಂತ ಕೇಳಿದ್ದೀರಿ. ಡಾಕ್ಟರನ್ನು ಕೇಳಿ ಕೊಡಬಹುದು, ಆದರೆ ಜಾಸ್ತಿ ನಂಬಿಕೆ ಇಡಬೇಡಿ.

2006ರ ಒಂದು ಪ್ರಯೋಗದಲ್ಲಿ ದಿನಕ್ಕೆ 600 ಮಿ.ಗ್ರಾಂ. ತಗೊಂಡವರಿಗೆ 5 ವಾರದಲ್ಲಿ ಉರಿ, ನೋವು ಕಡಿಮೆಯಾಯಿತು. 1200, 1800 ಮಿ.ಗ್ರಾಂ. ತಗೊಂಡವರಿಗೆ ವಾಕರಿಕೆ ಹೆಚ್ಚಿತೇ ಹೊರತು ಲಾಭ ಹೆಚ್ಚಲಿಲ್ಲ. ಮುಂದೆ 6 ತಿಂಗಳು ಮತ್ತು ಅದಕ್ಕೂ ಹೆಚ್ಚು ಕಾಲದ ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2024ರ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಸಂಸ್ಥೆ) ವಿಮರ್ಶೆಯಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಹಾಗಾಗಿ ನರದ ನೋವಿಗೆ ಡಾಕ್ಟರು ಪ್ರಿಗ್ಯಾಬಲಿನ್, ಡುಲಾಕ್ಸೆಟಿನ್ ಮಾತ್ರೆ ಕೊಟ್ಟಿದ್ದರೆ ಅದನ್ನು ಬಿಟ್ಟು ಇದನ್ನು ಹಿಡಿಯಬೇಡಿ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ವಿಟಮಿನ್ ಬಿ12. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಅದು ಕಡಿಮೆಯಾಗಬಹುದು, ಆಗಲೂ ಇದೇ ಥರ ಜೋಮು, ಉರಿ ಬರುತ್ತದೆ. ಮೊದಲು ಆ ರಕ್ತಪರೀಕ್ಷೆ ಮಾಡಿಸಿ. ನಮ್ಮ ಅವ್ವನಿಗೆ ರಾತ್ರಿ ಕೌದಿ ಪಾದಕ್ಕೆ ತಾಗಿದರೂ ತಡೆಯಲು ಆಗುತ್ತಿರಲಿಲ್ಲ, ಆ ಸಂಕಟ ನನಗೆ ಗೊತ್ತು.

ಇನ್ನೊಂದು, ಯುಗಾದಿ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ರೂಢಿ ನಮ್ಮ ಕಡೆ ಇದೆಯಲ್ವಾ? ಜೋಮು ಹಿಡಿದ ಪಾದಕ್ಕೆ ಕಾದ ಡಾಂಬರು ಗೊತ್ತೇ ಆಗುವುದಿಲ್ಲ. ಬರಿಗಾಲಲ್ಲಿ ಕಳಿಸಬೇಡಿ. ದಿನಾ ರಾತ್ರಿ ಅಂಗಾಲು, ಬೆರಳ ಸಂದಿ ನೀವೇ ನೋಡಿ.