ದೇವಕಣಗಿಲೆ ಜೆಲ್ ನೇಲ್: ದಳ ಹರಡೋದು, ಹೆಬ್ಬೆರಳಿನದು ಎದ್ದುಬರೋದು ಯಾಕೆ

ಥ್ರೆಡ್‌ನಲ್ಲಿ ನೀವು ಹಾಕಿದ ಫೋಟೋಗಳನ್ನು ನೋಡಿದೆ. ನೀವು ಹೇಳಿದ್ದು ಇಷ್ಟು: ತಂಗಿ ಮದುವೆಗೆ ಮನೆಯಲ್ಲೇ ದೇವಕಣಗಿಲೆ ಹೂವಿನ ಜೆಲ್ ನೇಲ್ ಹಾಕಬೇಕು, ಪ್ರಯೋಗಕ್ಕೆ ಹಾಕಿ ನೋಡಿದಾಗ ಬಿಳಿ ದಳಗಳು ಕೂಡಿಕೊಂಡು ಮುದ್ದೆಯಾದವು, ಅಲ್ಲಲ್ಲಿ ಸುಕ್ಕುಗಟ್ಟಿತು, ಹೆಬ್ಬೆರಳಿನದು ನಾಲ್ಕೇ ದಿನಕ್ಕೆ ಎದ್ದುಬಂತು. ಕೈ ನಡುಗುತ್ತೆ, ಚಿತ್ರ ಬರೆದು ಅಭ್ಯಾಸ ಇಲ್ಲ ಅಂತಲೂ ಬರೆದಿದ್ದೀರಿ. ಫೋಟೋದಲ್ಲಿ ಕೈಯ ತಪ್ಪೇನೂ ಕಾಣುತ್ತಿಲ್ಲ. ಬ್ರಷ್ಷಿನಲ್ಲಿ ಜೆಲ್ ಜಾಸ್ತಿ, ಅಷ್ಟೇ. ಮೂರೂ ತೊಂದರೆಗೆ ಬಹುಪಾಲು ಅದೇ ಕಾರಣ.

ಮೊದಲು ಲ್ಯಾಂಪ್ ವಿಷಯ. ಫೋಟೋದಲ್ಲಿರುವುದು 6 ವ್ಯಾಟ್‌ನ ಪುಟ್ಟ ಲ್ಯಾಂಪ್. ಜೆಲ್ ಒಣಗುವುದಿಲ್ಲ, ಬೆಳಕು ಬಿದ್ದಾಗ ರಾಸಾಯನಿಕವಾಗಿ ಗಟ್ಟಿಯಾಗುತ್ತದೆ. ಇದಕ್ಕೇ ಕ್ಯೂರ್ ಅನ್ನುವುದು. ಸಾಮಾನ್ಯ ಜೆಲ್‌ಗಳಿಗೆ ಬೇಕಾದ ಬೆಳಕು 365ರಿಂದ 405 ನ್ಯಾನೋಮೀಟರ್ ನಡುವೆ ಇರುತ್ತದೆ. ಪುಟ್ಟ ಲ್ಯಾಂಪಿನಲ್ಲಿ ಉಗುರಿನ ಅಂಚಿಗೆ ಬೆಳಕು ಸಾಲದು. ಮೇಲೆ ಗಟ್ಟಿ, ಒಳಗೆ ಹಸಿ. ಹೊಸದು ಕೊಳ್ಳುವಾಗಲೂ ಡಬ್ಬದ ಮೇಲೆ 48 ವ್ಯಾಟ್ ಅಂತ ಬರೆದಿದ್ದ ಮಾತ್ರಕ್ಕೆ ನಂಬಬೇಡಿ. ಒಂದು ತುಂಡು ಅಲ್ಯೂಮಿನಿಯಂ ಫಾಯಿಲ್ ಮೇಲೆ ನೀವು ಹಾಕುವಷ್ಟೇ ತೆಳುವಾಗಿ ಜೆಲ್ ಹಚ್ಚಿ, 60 ಸೆಕೆಂಡ್ ಕ್ಯೂರ್ ಮಾಡಿ, ಫಾಯಿಲ್ ಬಿಡಿಸಿ ಅಡಿಭಾಗ ಮುಟ್ಟಿ ನೋಡಿ. ಕೈಗೆ ಗ್ಲೌಸ್ ಇರಲಿ. ಅಡಿಯಲ್ಲಿ ಒದ್ದೆ ಇದ್ದರೆ ಆ ಲ್ಯಾಂಪ್ ಆ ಜೆಲ್‌ಗೆ ಆಗುವುದಿಲ್ಲ. ಬೇಸ್ (ಅಡಿಯ ಪದರ), ಬಣ್ಣ, ಟಾಪ್ (ಮೇಲಿನ ಪದರ), ಲ್ಯಾಂಪ್ ಎಲ್ಲಾ ಒಂದೇ ಕಂಪನಿಯದಾದರೆ ಈ ತಲೆನೋವು ಕಡಿಮೆ.

ಹೆಬ್ಬೆರಳು ಎದ್ದುಬರಲು ಇನ್ನೊಂದು ಕಾರಣವಿದೆ. ಐದೂ ಬೆರಳನ್ನು ಒಟ್ಟಿಗೆ ಒಳಗಿಟ್ಟರೆ ಹೆಬ್ಬೆರಳು ಪಕ್ಕಕ್ಕೆ ವಾಲುತ್ತದೆ, ಒಂದು ಬದಿಗೆ ಬೆಳಕೇ ಬೀಳುವುದಿಲ್ಲ. ನಾಲ್ಕು ಬೆರಳು ಮುಗಿಸಿ, ಎರಡೂ ಕೈಯ ಹೆಬ್ಬೆರಳುಗಳನ್ನು ಉಗುರು ಮೇಲ್ಮುಖವಾಗಿರುವಂತೆ ಸಮತಟ್ಟಾಗಿ ಬೇರೆಯಾಗಿ ಇಡಿ.

ಇನ್ನು ಉಗುರಿನ ತಯಾರಿ. ಇದನ್ನು ಅವಸರ ಮಾಡಿದರೆ ಮುಂದೆ ಎಂಥ ಚಂದದ ಹೂವು ಬರೆದರೂ ನಿಲ್ಲುವುದಿಲ್ಲ. ಬಿಸಿನೀರಲ್ಲಿ ಕೈ ನೆನೆಸಬೇಡಿ. ಉಗುರು ನೀರು ಹೀರಿ ಹಿಗ್ಗುತ್ತದೆ, ಆಮೇಲೆ ಕುಗ್ಗಿದಾಗ ಜೆಲ್ ಬಿಡುತ್ತದೆ. ಸೋಪಿನಲ್ಲಿ ಬರೀ ತೊಳೆದು ಪೂರ್ತಿ ಒರೆಸಿ. ಅವತ್ತು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚುವುದು, ಹ್ಯಾಂಡ್ ಕ್ರೀಮ್ ಎರಡೂ ಬೇಡ. ಉಗುರಿನ ಬುಡದ ಚರ್ಮವನ್ನು ಮರದ ಕಡ್ಡಿಯಿಂದ ಹಿಂದಕ್ಕೆ ದೂಡಿ. ಅದರ ಕೆಳಗೆ ಉಗುರಿಗೇ ಅಂಟಿಕೊಂಡಿರುವ ಪಾರದರ್ಶಕ ಪೊರೆಯೊಂದಿದೆ, ಅಡ್ಡ ಬೆಳಕಿನಲ್ಲಿ ನೋಡಿದರೆ ಕಾಣುತ್ತದೆ. ಅದನ್ನು ಮೆಲ್ಲಗೆ ಕೆರೆದು ತೆಗೆಯಿರಿ. ಎಷ್ಟೋ ಜನ ಬಿಟ್ಟುಬಿಡುವುದು ಇದನ್ನೇ. ಅದರ ಮೇಲೆ ಹಚ್ಚಿದ ಜೆಲ್ ಪೊರೆಯ ಜೊತೆಗೇ ಏಳುತ್ತದೆ. ಆಮೇಲೆ 240 ಗ್ರಿಟ್‌ನ (ಉಜ್ಜುವ ಮೈಯ ನಯದ ಅಳತೆ) ಬಫರ್‌ನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಪುಡಿ ಝಾಡಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಹತ್ತಿ ಬೇಡ, ಎಳೆ ಬಿಡದ ವೈಪ್ ಬಳಸಿ. ಮೆಡಿಕಲ್ ಸ್ಟೋರಿನಲ್ಲಿ ಸರ್ಜಿಕಲ್ ಸ್ಪಿರಿಟ್ ಕೊಟ್ಟರೆ ತರಬೇಡಿ. ಕೆಲವದರಲ್ಲಿ ಹರಳೆಣ್ಣೆ ಬೆರೆತಿರುತ್ತದೆ. ಸ್ಯಾನಿಟೈಸರ್‌ನಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ, ಅದೂ ಆಗುವುದಿಲ್ಲ.

ಬೇಸ್ ಕೋಟ್ ಹಚ್ಚುವ ಮೊದಲು ಬ್ರಷ್ಷನ್ನು ಬಾಟಲಿಯ ಬಾಯಿಗೆ ಎರಡೂ ಬದಿ ಒರೆಸಿ. ತುದಿಯಲ್ಲಿ ಸಣ್ಣ ಹನಿ ಉಳಿದರೆ ಸಾಕು. ಬುಡದ ಚರ್ಮದಿಂದ ಅರ್ಧ ಮಿಲಿಮೀಟರ್ ಬಿಟ್ಟು ಹಚ್ಚಿ, ಉಗುರಿನ ತುದಿಯ ದಪ್ಪಕ್ಕೂ ಒಂದು ಸಲ ಸವರಿ, 60 ಸೆಕೆಂಡ್ ಕ್ಯೂರ್ ಮಾಡಿ. ಚರ್ಮಕ್ಕೆ ತಾಗಿದ್ದರೆ ಲ್ಯಾಂಪಿಗೆ ಇಡುವ ಮೊದಲೇ ಕಡ್ಡಿಯಿಂದ ತೆಗೆಯಿರಿ. ಗಟ್ಟಿಯಾದ ಮೇಲೆ ಅದೇ ಜಾಗದಿಂದ ಜೆಲ್ ಏಳಲು ಶುರುವಾಗುತ್ತದೆ.

ಇದು ಬರೀ ಅಂದದ ಮಾತಲ್ಲ. ಹಸಿ ಜೆಲ್ ಪದೇಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಬರಬಹುದು. ಮುಖ್ಯ ಕಾರಣ ಜೆಲ್‌ನಲ್ಲಿರುವ ಹೆಮಾ (HEMA) ಎಂಬ ಅಕ್ರಿಲೇಟ್ ರಾಸಾಯನಿಕ. ಬೆರಳಿನ ಸುತ್ತ ತುರಿಕೆ, ಬಿರುಕು, ಕೆಲವರಿಗೆ ಕಣ್ಣಿನ ರೆಪ್ಪೆ ಮೇಲೂ ದದ್ದು. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಹಲ್ಲಿಗೆ ತುಂಬುವ ವಸ್ತುಗಳಲ್ಲೂ ಇದೇ ಜಾತಿಯ ರಾಸಾಯನಿಕಗಳಿರುವುದರಿಂದ ಮುಂದೆ ದಂತವೈದ್ಯರ ಹತ್ತಿರವೂ ತೊಂದರೆಯಾಗಬಹುದು. ಯುರೋಪಿಯನ್ ಒಕ್ಕೂಟದಲ್ಲಿ ಹೆಮಾ ಇರುವ ಉಗುರಿನ ಜೆಲ್‌ಗೆ ವೃತ್ತಿಪರರ ಬಳಕೆಗೆ ಮಾತ್ರ ಎಂಬ ಷರತ್ತಿದೆ. ಬೆಳಕಿಗೆ ಜೆಲ್ ಗಟ್ಟಿಯಾಗಲು ಹಾಕುವ ಟಿಪಿಓ (TPO) ಎಂಬ ಇನ್ನೊಂದು ಘಟಕವನ್ನು ಅಲ್ಲಿ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದ್ದಾರೆ. ಮನೆಯಲ್ಲಿ ಹಾಕುವವರು ಇವೆರಡೂ ಇಲ್ಲದ ಜೆಲ್ ಹುಡುಕಿ ತರುವುದು ಒಳ್ಳೆಯದು. ಘಟಕಗಳ ಪಟ್ಟಿಯೇ ಇಲ್ಲದ ಬಾಟಲಿ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಬಣ್ಣಕ್ಕೆ ನೀವು ತಿಳಿ ಗುಲಾಬಿ ಹಾಕಿದ್ದೀರಿ, ಅದರ ಮೇಲೆ ಬಿಳಿ ದಳ ಎದ್ದು ಕಾಣುವುದಿಲ್ಲ. ಕಡು ಎಲೆ ಹಸಿರು ಹಾಕಿ ನೋಡಿ. ಕಡು ಬಣ್ಣದೊಳಗೆ ಬೆಳಕು ಸುಲಭವಾಗಿ ಇಳಿಯುವುದಿಲ್ಲ, ಹಾಗಾಗಿ ತೆಳುವಾಗಿ ಎರಡು ಕೋಟ್, ಪ್ರತಿಯೊಂದಕ್ಕೂ 60 ಸೆಕೆಂಡ್. ಮೊದಲ ಕೋಟ್ ತೇಪೆತೇಪೆಯಾಗಿ ಕಾಣಬೇಕು, ಅದೇ ಸರಿ. ಒಂದೇ ಕೋಟ್‌ನಲ್ಲಿ ಮುಚ್ಚಲು ಹೋದರೆ ಮೇಲ್ಪದರ ಮೊದಲು ಬಿಗಿದು ಸುಕ್ಕಾಗುತ್ತದೆ. ನಿಮ್ಮ ಬಿಳಿ ಸುಕ್ಕಾಗಿದ್ದೂ ಹೀಗೇ. ಲ್ಯಾಂಪಿನಲ್ಲಿ ಉಗುರು ಸುಟ್ಟ ಹಾಗೆ ಚುರುಗುಟ್ಟಿದರೂ ಪದರ ದಪ್ಪವಾಗಿದೆ ಅಂತಲೇ ತಿಳಿಯಿರಿ. ಕೈ ಹೊರಗೆ ತೆಗೆದು, ಉರಿ ಇಳಿದ ಮೇಲೆ ಮತ್ತೆ ಇಡಿ.

ಈಗ ಹೂವು. ಕ್ಯೂರ್ ಆದ ಬಣ್ಣದ ಮೇಲೆ ಅಂಟಂಟಾದ ಪದರ ಉಳಿದಿರುತ್ತದೆ. ಅದರ ಮೇಲೆ ನೇರವಾಗಿ ಬರೆದರೆ ಗೆರೆ ಹರಡುತ್ತದೆ. ಮ್ಯಾಟ್ (ಹೊಳಪಿಲ್ಲದ) ಟಾಪ್ ಕೋಟ್ ತೆಳುವಾಗಿ ಹಾಕಿ, ಕ್ಯೂರ್ ಮಾಡಿ, ಆಲ್ಕೋಹಾಲ್‌ನಿಂದ ಒರೆಸಿ. ಬ್ರಷ್ಷಿಗೆ ಹಿಡಿತ ಸಿಗುತ್ತದೆ, ತಪ್ಪಿದರೆ ಒರೆಸಿಹಾಕಲೂ ಬರುತ್ತದೆ. ಬಾಟಲಿಯ ಬಿಳಿ ಜೆಲ್ ತಾನಾಗೇ ಹರಡಿ ಸಮವಾಗಲೆಂದೇ ತೆಳುವಾಗಿ ಮಾಡಿದ್ದು, ದಳಕ್ಕೆ ಅದು ಒಗ್ಗುವುದಿಲ್ಲ. ಪುಟ್ಟ ಡಬ್ಬಿಯಲ್ಲೋ ಟ್ಯೂಬಿನಲ್ಲೋ ಸಿಗುವ ಗಟ್ಟಿ ಪೇಂಟಿಂಗ್ ಜೆಲ್ ತನ್ನಿ. ಜೊತೆಗೆ 5ರಿಂದ 7 ಮಿಲಿಮೀಟರ್ ಕೂದಲಿನ ಲೈನರ್ ಬ್ರಷ್ ಒಂದು, ಚುಕ್ಕೆಯಿಡಲು ಡಾಟಿಂಗ್ ಟೂಲ್ ಒಂದು. ಡಾಟಿಂಗ್ ಟೂಲ್ ಇಲ್ಲದಿದ್ದರೆ ಹೇರ್‌ಪಿನ್ನಿನ ಗುಂಡು ತುದಿ ಸಾಕು.

ಎರಡು ಉಂಗುರ ಬೆರಳಿಗೆ ಪೂರ್ತಿ ಹೂವು, ಬೇಕಿದ್ದರೆ ಹೆಬ್ಬೆರಳಿಗೆ ಅಂಚಿನಿಂದ ಇಣುಕುವ ಅರ್ಧ ಹೂವು. ಹತ್ತೂ ಉಗುರಿಗೆ ಬರೆದರೆ ಒಂದೂ ಎದ್ದು ಕಾಣುವುದಿಲ್ಲ. ಹೂವಿನ ಅಗಲ 7–8 ಮಿಲಿಮೀಟರ್ ಇರಲಿ. ನಡುವೆ ಸೂಜಿಮೊನೆಯಷ್ಟು ಚುಕ್ಕೆಯಿಟ್ಟು, ಕೈಕಾಲು ಅಗಲಿಸಿ ನಿಂತ ಮನುಷ್ಯನ ಹಾಗೆ ತಲೆ, ಎರಡು ಕೈ, ಎರಡು ಕಾಲಿನ ಜಾಗದಲ್ಲಿ ಐದು ಗುರುತು ಮಾಡಿಕೊಳ್ಳಿ. ಬ್ರಷ್ಷಿನ ತುದಿಯಲ್ಲಿ ಸಾಸಿವೆಯ ಅರ್ಧದಷ್ಟು ಬಿಳಿ ತೆಗೆದುಕೊಂಡು ದಳದ ಹೊರತುದಿಯಲ್ಲಿ ಇಡಿ, ಸ್ವಲ್ಪ ಒತ್ತಿ, ಒತ್ತಡ ಕಡಿಮೆ ಮಾಡುತ್ತಾ ನಡುವಿಗೆ ಎಳೆಯಿರಿ. ಹೊರಗೆ ದುಂಡಗೆ ಅಗಲ, ಒಳಗೆ ಚೂಪು. ಒಂದು ದಳ ಆದ ಕೂಡಲೇ 10 ಸೆಕೆಂಡ್ ಲ್ಯಾಂಪಿಗೆ ಇಡಿ, ಆಮೇಲೆ ಮುಂದಿನದು. ಹೀಗೆ ಮಾಡಿದರೆ ದಳಗಳು ಕೂಡಿಕೊಳ್ಳುವ ಪ್ರಶ್ನೆಯೇ ಇಲ್ಲ. ಐದೂ ಮುಗಿದ ಮೇಲೆ ಪೂರ್ತಿ 60 ಸೆಕೆಂಡ್. ಕೈ ನಡುಗುವುದಕ್ಕೆ, ಎರಡೂ ಮುಂಗೈ ಮೇಜಿನ ಮೇಲೆ ಊರಿ, ಬರೆಯುವ ಕೈಯ ಕಿರುಬೆರಳನ್ನು ಇನ್ನೊಂದು ಕೈಗೆ ಆನಿಸಿ.

ದೇವಕಣಗಿಲೆಯ ದಳಗಳು ಸುರುಳಿಯಾಗಿ, ಒಂದರ ಅಂಚು ಪಕ್ಕದ್ದರ ಮೇಲೆ ಬರುವಂತೆ ಜೋಡಣೆಯಾಗಿರುತ್ತವೆ. ಬಿಳಿ ಮೇಲೆ ಬಿಳಿ ಬಿದ್ದಾಗ ಅದು ಕಾಣಬೇಕಲ್ಲ! ಬಿಳಿಗೆ ಒಂದಿಷ್ಟೇ ಕಪ್ಪು ಬೆರೆಸಿ ತಿಳಿ ಬೂದು ಮಾಡಿಕೊಂಡು ಪ್ರತಿ ದಳದ ಒಂದೇ ಬದಿಗೆ, ಐದಕ್ಕೂ ಬಲಬದಿ ಅಂದರೆ ಬಲಬದಿಗೇ, ಕೂದಲೆಳೆಯಂಥ ಗೆರೆ ಕೊಡಿ. ಇಡೀ ಹೂವಿಗೆ ಜೀವ ಬರುವುದು ಈ ಗೆರೆಯಿಂದ. ಹಳದಿಗೆ ಕ್ಲಿಯರ್ ಬೇಸ್ ಬೆರೆಸಿ ತೆಳುವಾಗಿಸಿ ನಡುವೆ ಒಂದು ಚುಕ್ಕೆಯಿಟ್ಟು, ಒರೆಸಿದ ಬ್ರಷ್ಷಿನಿಂದ ದಳದ ಮೂರನೇ ಒಂದು ಭಾಗದವರೆಗೆ ಹೊರಕ್ಕೆ ಎಳೆಯಿರಿ, ಕ್ಯೂರ್ ಮಾಡಿ. ಆಮೇಲೆ ತೀರಾ ನಡುವಿಗೆ ಮಾತ್ರ ಗಾಢ ಹಳದಿ. ನಿಮ್ಮ ಹೂವಿನ ನಡುವೆ ಕೇಸರದ ಚುಕ್ಕೆಗಳಿವೆ, ಅವು ಬೇಡ. ದೇವಕಣಗಿಲೆಯ ಕೇಸರ ಕೊಳವೆಯೊಳಗೆ ಅಡಗಿರುತ್ತದೆ, ಹೊರಗೆ ಕಾಣುವುದಿಲ್ಲ. ಕೇಸರ ಬರೆಯುವ ಆಸೆಯಿದ್ದರೆ ದಾಸವಾಳ ಆರಿಸಿಕೊಳ್ಳಿ. ಇದೂ ಕಷ್ಟ ಅನ್ನಿಸಿದರೆ ಮಲ್ಲಿಗೆ ಮೊಗ್ಗು: ಒಂದು ಉದ್ದ ಹನಿ, ಬುಡಕ್ಕೆ ಹಸಿರು ತೊಟ್ಟು.

ಥ್ರೆಡ್‌ನಲ್ಲಿ ಒಬ್ಬರು ನಿಜವಾದ ಹೂವಿನ ಎಸಳು ಅಂಟಿಸಿ ಅಂದಿದ್ದಾರೆ. ತಾಜಾ ಎಸಳು ಆಗುವುದಿಲ್ಲ, ಅದರ ನೀರಿನಂಶದಿಂದ ಕಂದುಬಣ್ಣ ತಿರುಗಿ ಜೆಲ್ ಬಿಡುತ್ತದೆ. ಪೂರ್ತಿ ಒಣಗಿಸಿ ಒತ್ತಿದ ಚಿಕ್ಕ ಹೂವಾದರೆ ಬಿಲ್ಡರ್ ಜೆಲ್ (ದಪ್ಪ ಪದರಕ್ಕೆ ಬಳಸುವ ಗಟ್ಟಿ ಜೆಲ್) ಪದರದೊಳಗೆ ಮುಚ್ಚಬಹುದು.

ಟಾಪ್ ಕೋಟ್ ಹಚ್ಚುವಾಗ ಬ್ರಷ್ ಒತ್ತದೆ ಹನಿಯನ್ನು ತೇಲಿಸಿದ ಹಾಗೆ ಒಯ್ಯಿರಿ. ತೆಳುವಾಗಿ ಎರಡು ಸಲ, ತುದಿಗೂ ಸವರಿ. ಕ್ಯೂರ್ ಆದ ಮೇಲೆ ಅಂಟು ಉಳಿದು ಒರೆಸಬೇಕಾದ ಬಗೆಯದಾದರೆ ಉಗುರು ತಣ್ಣಗಾಗಲು ಒಂದು ನಿಮಿಷ ಬಿಟ್ಟು ಒರೆಸಿ, ಬಿಸಿಯಲ್ಲೇ ಒರೆಸಿದರೆ ಹೊಳಪು ಮಂಕಾಗುತ್ತದೆ. ಕೆಲಸ ನಡೆಯುವಾಗ ಬಾಟಲಿ, ಬ್ರಷ್ ಲ್ಯಾಂಪಿನ ಬೆಳಕಿಗೂ ಕಿಟಕಿಯ ಬಿಸಿಲಿಗೂ ಬೀಳದಿರಲಿ. ಗಟ್ಟಿಯಾದ ಬ್ರಷ್ ಮತ್ತೆ ಮೆತ್ತಗಾಗುವುದಿಲ್ಲ. ಕೈಗೆ ಲ್ಯಾಂಪಿನ ಯುವಿ (ಅತಿನೇರಳೆ) ಬೆಳಕು ತಡೆಯುವ, ಬೆರಳತುದಿ ಇಲ್ಲದ ಗ್ಲೌಸ್ ಹಾಕಿಕೊಳ್ಳುವುದೂ ಒಳ್ಳೆಯದು.

ಮದುವೆ ಮನೆ ಅಂದಮೇಲೆ ಅರಿಶಿನ ಇದ್ದೇ ಇರುತ್ತದೆ. ಬಿಳಿ ದಳದ ಮೇಲಿನ ಟಾಪ್ ಕೋಟ್ ಹಳದಿ ಹಿಡಿಯುತ್ತದೆ, ಸರಿಯಾಗಿ ಕ್ಯೂರ್ ಆಗದಿದ್ದರೆ ಇನ್ನೂ ಬೇಗ. ಅರಿಶಿನ ಶಾಸ್ತ್ರ, ಮೆಹಂದಿ ಎರಡೂ ಮುಗಿದ ಮೇಲೆ ಜೆಲ್ ಹಾಕಿ. ಆದರೆ ಹಳೆಯ ಜೆಲ್ ತೆಗೆಯುವುದಿದ್ದರೆ ಮೆಹಂದಿಗೆ ಮೊದಲೇ ತೆಗೆಯಿರಿ, ಮೆಹಂದಿ ಕೈಯನ್ನು ಅಸಿಟೋನ್‌ನಲ್ಲಿ ಇಡುವುದು ಬೇಡ. ಮೆಹಂದಿ ಎಣ್ಣೆ ಹಚ್ಚಿದ್ದರೆ ಉಗುರನ್ನು ಎರಡು ಸಲ ಒರೆಸಿ. ಹಳದಿ ಹಿಡಿದೇಬಿಟ್ಟರೆ ಮೊದಲು ಆಲ್ಕೋಹಾಲ್. ಹೋಗದಿದ್ದರೆ ಮೇಲ್ಪದರ ಹಗುರಾಗಿ ಬಫ್ ಮಾಡಿ ಹೊಸ ಟಾಪ್ ಕೋಟ್.

ಈಗ ಎದ್ದಿರುವ ಹೆಬ್ಬೆರಳಿನ ಜೆಲ್ಲನ್ನು ಅಂಟಿಸಲೂ ಬೇಡಿ, ಕೀಳಲೂ ಬೇಡಿ. ಕಿತ್ತರೆ ಉಗುರಿನ ಪದರವೇ ಬರುತ್ತದೆ. ಹಾಗೇ ಬಿಟ್ಟರೆ ಒಳಗೆ ನೀರು ನಿಂತು ಹಸಿರು ಕಲೆ ಬರಬಹುದು, ಅದು ಬ್ಯಾಕ್ಟೀರಿಯಾ. ಹೊಳಪಿನ ಪದರವನ್ನು 180 ಗ್ರಿಟ್ ಫೈಲ್‌ನಿಂದ ಉಜ್ಜಿ ತೆಗೆದು, ಶುದ್ಧ ಅಸಿಟೋನ್‌ನಲ್ಲಿ ನೆನೆಸಿದ ಹತ್ತಿಯಿಟ್ಟು ಫಾಯಿಲ್ ಸುತ್ತಿ 10ರಿಂದ 15 ನಿಮಿಷ ಬಿಡಿ. ಕಡ್ಡಿಗೆ ಸುಲಭವಾಗಿ ಬರದಿದ್ದರೆ ಇನ್ನೈದು ನಿಮಿಷ ಸುತ್ತಿ; ಹೂವಿದ್ದ ಜಾಗ ದಪ್ಪವಿರುವುದರಿಂದ ತಡವಾಗುತ್ತದೆ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಒಲೆ, ದೇವರ ದೀಪ ಹತ್ತಿರ ಇರಬಾರದು. ತೆಗೆದ ಮೇಲೆ ಉಗುರು ಗಟ್ಟಿಯಾಗಿ ನುಣುಪಾಗಿದ್ದರೆ ಮದುವೆಗೆ ಹಾಕಲು ಅಡ್ಡಿಯಿಲ್ಲ. ಬಿಳಿ ಪದರ ಎದ್ದಿದ್ದರೆ ಅಥವಾ ಒತ್ತಿದಾಗ ನೋವಿದ್ದರೆ ಆ ಬೆರಳಿಗೆ ಈ ಸಲ ಮಾಮೂಲಿ ನೇಲ್ ಪಾಲಿಶ್ ಹಚ್ಚಿ. ಹಸಿರು ಕಂಡರೆ ಏನನ್ನೂ ಹಚ್ಚದೆ ಚರ್ಮವೈದ್ಯರಿಗೆ ತೋರಿಸಿ.